ಕುಮಟೆಯ ಹತ್ತಿಯೂ ಹಳೆಯ ಮಳಿಗೆಗಳೂ

ಕುಮಟೆಯು ಹತ್ತಿಯ ಸೀಮೆಯಲ್ಲ. ಆದರೂ 'ಕುಮಟಾ ಹತ್ತಿ'ಯೆಂಬ ಹೆಸರು ಮುಂಬಯಿಯ ವ್ಯಾಪಾರಿಗಳಲ್ಲಿ ಬಹುಕಾಲ ರೂಢವಾಗಿದ್ದಿತು. ಬೆಳೆದುದು ಧಾರವಾಡ ಪ್ರಾಂತದ ಎರೆಭೂಮಿ, ಹೆಸರು ಮಾತ್ರ ಅದನ್ನು ಹಡಗಿಗೇರಿಸಿದ ಬಂದರದ್ದು. ಘಟ್ಟದ ಮೇಲಿನ ಮಾಲು ಮೊದಲು ಹೇರೆತ್ತುಗಳ ಮೇಲೂ, ರಸ್ತೆಯಾದ ಬಳಿಕ ಗಾಡಿಗಳಲ್ಲಿಯೂ ದೇವಿಮನೆ ಘಟ್ಟವನ್ನಿಳಿದು ಬರುತ್ತಿದ್ದಿತು. ಮಳೆಗಾಲದಲ್ಲಿ ಕಡಲು ಹಡಗುಗಳಿಗೆ ಎಡೆಗೊಡದು. ಅಲ್ಲಿಯವರೆಗೆ ಸಾಗದೆ ಉಳಿದ ಮಾಲನ್ನು ನೆನೆಯದಂತೆ ಕಾಯಬೇಕು. ಕರಾವಳಿಯ ಹಳೆಯ ಮಳಿಗೆಯ ರೂಪಕ್ಕೆ ಈ ಮಳೆಯೇ ಗುರು: ದಪ್ಪನಾದ ಚಿರೆಕಲ್ಲಿನ ಗೋಡೆ, ಕಡಿದಾದ ಇಳಿಜಾರಿನ ಮಾಡು, ಮುಂದೆ ಜಗಲಿ, ಮೇಲೆ ಅಟ್ಟ.

1861ರಿಂದ 1865ರವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯು ದುರ್ಲಭವಾಗಲು, ಈ ಬಂದರಗಳ ಬೆಲೆ ಒಮ್ಮೆಲೇ ಏರಿತು. ಉತ್ತರ ಕಾನಡಾ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದುದರಲ್ಲಿಯೂ ಹತ್ತಿಯ ಹಿತಾಸಕ್ತಿಯಿದ್ದಿತು. ಆದರೆ ಸರಕಾರದ ಒಲವು ಕಾರವಾರದ ಕಡೆಗಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿ ಧಾರವಾಡಗಳಿಗೆ ಬಂದ ರೈಲು ಮಾರ್ಮಗೋವೆಯ ದಾರಿಯನ್ನು ತೆರೆಯಲು, ಹತ್ತಿಯು ಘಟ್ಟವಿಳಿಯುವುದನ್ನೇ ಬಿಟ್ಟಿತು.

ಭಟ್ಕಳದಲ್ಲಿ ಕೇತಪೈಯು ಕಟ್ಟಿಸಿದ ನಾರಾಯಣ ದೇವಾಲಯವು ಶಿಲೆಯದು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯೂ ಅದಕ್ಕುಂಟು. ಇದು ಯೋಗ್ಯವೇ. ಆದರೆ ವರ್ತಕನ ಭಕ್ತಿಗೆ ದೊರೆತ ಕಾವಲು ಅವನ ವ್ಯಾಪಾರಕ್ಕೇಕೆ ದೊರೆಯಬಾರದು? ಮಳಿಗೆಯು ಖಾಸಗಿ ಸ್ವತ್ತು, ಬಹುಮಂದಿ ಪಾಲುದಾರರದು. ದುರಸ್ತಿಯ ಖರ್ಚು ಯಾರದೆಂಬ ವಾದದಲ್ಲಿಯೇ ಮಾಡು ಕುಳಿತುಹೋಗುವುದು. ಉಪೇಕ್ಷೆಯ ಫಲವು ಎಂತಹದೆಂಬುದನ್ನು ಮೈಸೂರಿನವರು ಬಲ್ಲರು: ಅಲ್ಲಿಯ ಪೇಟೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರಲ್ಲಿ ಕುಸಿದು ಪ್ರಾಣಹಾನಿಯಾಯಿತು.

ದುರಸ್ತಿಗೆ ಮನಸ್ಸು ಮಾಡಿದವರೂ ಹಲವೊಮ್ಮೆ ಸಿಮೆಂಟನ್ನು ಮೆತ್ತಿ ಕೆಡಿಸುವರು. ಚಿರೆಕಲ್ಲು ರಂಧ್ರಮಯವಾದುದು, ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಲ್ಲಿ ಬಿಟ್ಟುಕೊಡಬೇಕು. ಸುಣ್ಣದ ಗಾರೆಯು ಅದಕ್ಕೆ ದಾರಿ ಕೊಡುವುದು. ಸಿಮೆಂಟಿನ ಗಿಲಾವು ತಡೆಯುವುದು. ಒಳಗೆ ಸಿಕ್ಕಿಕೊಂಡ ತೇವದಿಂದ ಕಲ್ಲು ಸವೆದು, ಗಿಲಾವು ಹಪ್ಪಳದಂತೆ ಏಳುವುದು. ಗೋಡೆಗೆ ಸೇರಿದ ತೊಲೆಯ ತುದಿಯೂ ಕುಂಬಾಗುವುದು. ಆದುದರಿಂದ ಮೊದಲು ಮಾಡಿನ ಸೋರಿಕೆಯನ್ನು ನಿಲ್ಲಿಸಿ, ಹಾಳಾದ ತೊಲೆಯನ್ನಷ್ಟೇ ಬದಲಿಸಿ, ಗೋಡೆಯು ಪೂರ್ಣವಾಗಿ ಆರಿದ ಮೇಲೆ ಸುಣ್ಣದ ಕೆಲಸಕ್ಕೆ ಕೈಹಾಕತಕ್ಕದ್ದು. ವೈಶಾಖದೊಳಗೆ ಹೆಂಚು ಕೈಯಾಡಿಸಿದರೆ ಆ ವರ್ಷದ ಮಳೆಗೆ ಅಂಜಬೇಕಾದುದಿಲ್ಲ.