ಮನೆಗೊಂದು ಹಣ: ಕಲ್ಯದ ಶಾಸನವೂ ಗೃಹೋದ್ಯೋಗದ ಧರ್ಮವೂ

ಮಾಗಡಿ ತಾಲ್ಲೂಕಿನ ಕಲ್ಯವು ಇಂದು ಒಂದು ಗ್ರಾಮ. ಆರು ಶತಮಾನಗಳಿಗೂ ಹಿಂದೆ ಅದು ಕಲ್ಲೆಹವೆಂಬ ಹೆಸರಿನ ಪಟ್ಟಣವಾಗಿತ್ತು. ಅಲ್ಲಿ ಜೈನ ವರ್ತಕರು ನೆಲೆಸಿದ್ದರು. ಇತಿಹಾಸದಲ್ಲಿ ಈ ಊರಿನ ಹೆಸರನ್ನು ಉಳಿಸಿರುವುದು ಕ್ರಿ.ಶ. 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ತೀರ್ಮಾನಿಸಿದ ಬಗೆಯನ್ನು ಹೇಳುವ ಈ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಎಲ್ಲರೂ ಬಲ್ಲರು. ಆದರೆ ವ್ಯಾಪಾರಿಯು ಗಮನಿಸಬೇಕಾದ ಒಂದು ಲೆಕ್ಕವೂ ಅದರಲ್ಲಿದೆ. ಮನೆಯಲ್ಲಿಯೇ ಅಲ್ಪ ಬಂಡವಾಳದಿಂದ ಸುಲಭವಾಗಿ ಯಾವ ಉದ್ಯೋಗವನ್ನು ಆರಂಭಿಸಬಹುದೆಂದು ನಮ್ಮ ಯುವಕರೂ ಗೃಹಿಣಿಯರೂ ವಿಚಾರಿಸುತ್ತಿರುವ ಈ ದಿನಗಳಲ್ಲಿ ಆ ಲೆಕ್ಕವನ್ನು ಮತ್ತೊಮ್ಮೆ ನೋಡುವುದು ಉಚಿತ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಸ್ಥಿರವಾಯಿತು. ಇದರೊಂದಿಗೆ ಒಂದು ಹಣಕಾಸಿನ ಏರ್ಪಾಡೂ ಆಯಿತು. ರಾಜ್ಯದ ಜೈನರು ಬಾಗಿಲ ಲೆಕ್ಕದಲ್ಲಿ ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನವರು ಅದನ್ನು ಕೂಡಿಸಿ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದ ದ್ರವ್ಯದಿಂದ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಶ್ರವಣಬೆಳಗೊಳದಲ್ಲಿಯೂ ಕಲ್ಯದಲ್ಲಿಯೂ ಈ ಶಾಸನದ ಕಲ್ಲುಗಳಿವೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಅರಸನಲ್ಲಿ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಬೆಳಗೊಳದ ಶಾಸನದಿಂದ ತಿಳಿಯುತ್ತದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಹಣವೆಂಬುದು ಆಗಿನ ಸಣ್ಣ ಚಿನ್ನದ ನಾಣ್ಯ. ಶಾಸನವು ಶ್ರೀಮಂತನ ದೊಡ್ಡ ದತ್ತಿಯನ್ನು ನೆಚ್ಚಲಿಲ್ಲ. ಪ್ರತಿಯೊಂದು ಮನೆಯೂ ವರ್ಷಕ್ಕೊಂದು ಹಣವನ್ನು ಉಳಿಸಬಲ್ಲದೆಂಬ ನಂಬಿಕೆಯ ಮೇಲೆ ತೀರ್ಥರಕ್ಷಣೆಯನ್ನು ನಿಲ್ಲಿಸಿತು. ಎರಡನೆಯದು, ಜೈನರ ದ್ರವ್ಯವನ್ನು ಕೂಡಿಸಿ ವೆಚ್ಚಮಾಡುವ ಹೊಣೆಯನ್ನು ಪ್ರತಿವಾದಿ ಪಕ್ಷದ ಗುರುವಿಗೇ ಒಪ್ಪಿಸಲಾಯಿತು. ಕೊಡುವವನ ದುಡಿಮೆಯೂ ಪಡೆದವನ ಲೆಕ್ಕವೂ ಶುದ್ಧವಾಗಿರುವಲ್ಲಿ ಮಾತ್ರ ಇಂತಹ ವ್ಯವಸ್ಥೆ ನಡೆದೀತು. ಆದುದರಿಂದ ಗೃಹೋದ್ಯೋಗದ ವಿಚಾರದಲ್ಲಿ, ಎಷ್ಟು ಬಂಡವಾಳ ಬೇಕು ಎಂಬ ಪ್ರಶ್ನೆಗಿಂತ ಮೊದಲು, ಮನೆಯ ಬಾಗಿಲೊಳಗೆ ಬರುವ ಹಣವು ಯಾರಿಗೆ ನೋವುಂಟುಮಾಡಿ ಬರುತ್ತಿದೆ ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ನಮ್ಮ ಪರಂಪರೆಯು ದುಡಿಮೆಯನ್ನು ಎಂದೂ ಹೀನವೆಂದು ಎಣಿಸಲಿಲ್ಲ. ಆದಿತೀರ್ಥಂಕರ ವೃಷಭನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಉಪದೇಶಿಸಿದರೆಂದು ಆದಿಪುರಾಣವು ಹೇಳುತ್ತದೆ. ಶ್ರಾವಕನ ಲಕ್ಷಣಗಳನ್ನು ಹೇಳುವಾಗ ಆಚಾರ್ಯರು ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಇದ್ದಿಲು, ದಂತ, ಅರಗು, ವಿಷ ಮುಂತಾದವುಗಳಿಗೆ ಸಂಬಂಧಿಸಿದ ಹದಿನೈದು ಕ್ರೂರ ಉದ್ಯೋಗಗಳ ಪಟ್ಟಿಯೊಂದು ಶ್ವೇತಾಂಬರ ಗ್ರಂಥಗಳಲ್ಲಿ ಪ್ರಸಿದ್ಧ. ಹದಿಮೂರನೆಯ ಶತಮಾನದ ದಿಗಂಬರ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಪ್ರಸ್ತಾಪಿಸಿ, ಲೋಕದಲ್ಲಿ ಪಾಪಯುಕ್ತ ಕರ್ಮಗಳು ಎಣಿಕೆಗೆ ಮೀರಿದವು, ಆದುದರಿಂದ ಪಟ್ಟಿಯು ಪೂರ್ಣವಾಗಲಾರದು, ಮಂದಬುದ್ಧಿಗಳಿಗಾಗಿ ಬೇಕಾದರೆ ಹೇಳಬಹುದು ಎಂಬ ಅಭಿಪ್ರಾಯವನ್ನು ಕೊಡುತ್ತಾರೆ. ಇದು ಬಹು ಮಹತ್ವದ ಮಾತು. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಉದ್ಯೋಗವು ನಿರ್ದೋಷವಾಗುವುದಿಲ್ಲ. ಆಯ್ಕೆ ಮಾಡುವವನೇ ವಿವೇಚಿಸಬೇಕು.

ಕಲ್ಯದ ಸುತ್ತಲಿನ ನಾಡಿನಲ್ಲಿಯೇ ಈ ವಿವೇಚನೆಯನ್ನು ನಡೆಸಿ ನೋಡೋಣ. ನೆರೆಯ ರಾಮನಗರವು ರೇಷ್ಮೆಗೂಡಿನ ಬಹುದೊಡ್ಡ ಮಾರುಕಟ್ಟೆಯಿಂದ ಹೆಸರಾದ ಊರು. ಟಿಪ್ಪು ಸುಲ್ತಾನನು ಪ್ರೋತ್ಸಾಹಿಸಿದ ರೇಷ್ಮೆ ಕೃಷಿಯು ಈ ಭಾಗದಲ್ಲಿ ಬೇರೂರಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಗೂಡನ್ನು ಕೊಂಡು, ಒಲೆ ಹೂಡಿ, ಚರಕದಲ್ಲಿ ನೂಲು ಬಿಚ್ಚುವುದು ಮನೆಯ ಹಿತ್ತಿಲಿನಲ್ಲಿಯೂ ನಡೆಯಬಲ್ಲ ಕೆಲಸ. ಆದರೆ ಚಿಟ್ಟೆಯು ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಎಳೆ ಅಖಂಡವಾಗಿ ಬರಬೇಕಾದರೆ ಒಳಗಿನ ಜೀವವು ಬಿಸಿಗೆ ಸಾಯಲೇಬೇಕು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಹಲವು ಕಿಲೋ ಗೂಡುಗಳು ಬೇಕು. ಅಂದರೆ ಸಾವಿರಾರು ಜೀವಗಳು. ಇದನ್ನು ತಿಳಿದು ನಮ್ಮವರು ನೂಲು ಬಿಚ್ಚುವ ಕೆಲಸದಿಂದ ದೂರ ಉಳಿಯುವುದು ಸಹಜವೇ. ಆದರೆ ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯೆಂಬುದನ್ನು ಮರೆಯಬಾರದು. ಒಲೆಯ ಮುಂದೆ ಕುಳಿತ ಬಡವನನ್ನು ಹಿಂಸಕನೆಂದು ಬಗೆದು, ಅದೇ ನೂಲಿನ ಸೀರೆಯನ್ನು ಮನೆಯಿಂದಲೇ ಮಾರುವುದನ್ನು ನಿರ್ದೋಷ ವ್ಯಾಪಾರವೆಂದುಕೊಂಡರೆ ನಮ್ಮ ಲೆಕ್ಕದಲ್ಲಿ ಖರ್ಚಿನ ಪುಟವನ್ನೇ ಹರಿದು ಹಾಕಿದಂತಾಗುತ್ತದೆ. ಬೇಡಿಕೆಯನ್ನು ಒದಗಿಸುವವನು ನಾವಾಗಿದ್ದರೆ ಒಲೆಯ ಬೆಂಕಿಯಲ್ಲಿ ನಮ್ಮ ಪಾಲೂ ಇದೆ. ಚಿಟ್ಟೆ ಹಾರಿದ ಗೂಡಿನಿಂದ ನೂತ ಅಹಿಂಸಾ ರೇಷ್ಮೆಯೆಂಬುದು ಇತ್ತೀಚೆಗೆ ಬಳಕೆಗೆ ಬಂದಿದೆ. ಅದು ಒಂದು ಹೆಜ್ಜೆ ಮುಂದೆ ಹೋದದ್ದು ನಿಜ. ಆದರೆ ಸಾಕಿದ ರೇಷ್ಮೆಚಿಟ್ಟೆಯು ಹಾರಲಾರದ ಜೀವಿಯಾಗಿರುವುದರಿಂದ ಅದರ ಮುಂದಿನ ಗತಿಯನ್ನೂ ವಿಚಾರಿಸಬೇಕಾಗುತ್ತದೆ. ಹತ್ತಿಯ ಬಟ್ಟೆಯ ವ್ಯಾಪಾರಕ್ಕೆ ಈ ತೊಡಕಿಲ್ಲ.

ಚನ್ನಪಟ್ಟಣದ ಆಟಿಕೆಗಳ ವಿಚಾರ ಸ್ವಲ್ಪ ಭಿನ್ನ. ಹಾಲೆ ಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗನ್ನು ಒತ್ತಿ, ಕೇದಗೆಯ ಗರಿಯಿಂದ ಹೊಳಪು ಕೊಡುವ ಈ ಕಸುಬು ಶಿಲ್ಪಕರ್ಮಕ್ಕೆ ಸೇರಿದ್ದು. ಆದರೆ ಅರಗು ಮರದ ಅಂಟಲ್ಲ. ಕೊಂಬೆಗಳ ಮೇಲೆ ಬೀಡುಬಿಡುವ ಅಸಂಖ್ಯ ಸೂಕ್ಷ್ಮ ಕೀಟಗಳು ಸ್ರವಿಸುವ ರಾಳ. ಲಾಕ್ಷಾವಾಣಿಜ್ಯವನ್ನು ಹಿಂದಿನವರು ವರ್ಜಿಸಲು ಕಾರಣ ಇದೇ. ಬಣ್ಣವಿಲ್ಲದ ಬರಿಯ ಮರದ ಆಟಿಕೆಗೆ ಗಿರಾಕಿ ದೊರೆತರೆ ಶ್ರಾವಕನಿಗೆ ಅದು ಮೇಲು.

ಹಾಗಾದರೆ ಉಳಿದದ್ದೇನು ಎಂದು ಕೇಳಬಹುದು. ಮಸಿಯೆಂಬ ಕರ್ಮವನ್ನು ನಾವು ಮರೆತಂತಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ನಾವು ಅದನ್ನು ಶಾಸ್ತ್ರದಾನವೆಂದು ಕೊಂಡಾಡುತ್ತೇವೆ. ಓಲೆಯ ಮುಂದೆ ಕುಳಿತು ಸಾವಿರ ಪ್ರತಿಗಳನ್ನು ಬರೆದ ಲಿಪಿಕಾರರ ದೃಷ್ಟಿಯಿಂದ ಅದು ಬಹುಕಾಲದ ಜೀವನೋಪಾಯವೂ ಆಗಿದ್ದಿರಬೇಕು. ಓಲೆ, ಕಂಠ, ವಿದ್ಯೆ, ತಾಳ್ಮೆ ಇವಿಷ್ಟೇ ಅದರ ಬಂಡವಾಳ. ಇಂದು ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು, ಕರಡು ತಿದ್ದುವುದು, ಅನುವಾದ, ಮಕ್ಕಳಿಗೆ ಪಾಠ ಹೇಳುವುದು ಇವೆಲ್ಲವೂ ಅದೇ ಮಸಿ ಮತ್ತು ವಿದ್ಯಾಕರ್ಮಗಳ ಮುಂದುವರಿಕೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಲೆಕ್ಕವನ್ನು ಕ್ರಮವಾಗಿ ಬರೆಯಬಲ್ಲವರ ಅವಶ್ಯಕತೆ ಸಣ್ಣ ವರ್ತಕರಿಗೂ ಹೆಚ್ಚಿದೆ. ಒಂದು ಮೇಜು, ಒಂದು ಗಣಕಯಂತ್ರ, ವಾಣಿಜ್ಯದ ತಿಳಿವಳಿಕೆ ಇದ್ದರೆ ಆರಂಭಿಸಬಹುದು.

ಅಡುಗೆಮನೆಯಿಂದಲೇ ದುಡಿಯಬಯಸುವವರಿಗೆ ಲಿಜ್ಜತ್ ಹಪ್ಪಳದ ಇತಿಹಾಸ ಪಾಠವಾಗಬಲ್ಲದು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಸ್ತ್ರೀಯರು 80 ರೂಪಾಯಿ ಸಾಲ ಪಡೆದು ಮನೆಯ ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ತೊಡಗಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಅವರು ದಾನವನ್ನು ಬೇಡಲಿಲ್ಲ. ಮೊದಮೊದಲು ಎರಡು ದರ್ಜೆಯ ಹಪ್ಪಳ ಮಾಡಿ ಕೀಳು ದರ್ಜೆಯದನ್ನು ಅಗ್ಗಕ್ಕೆ ಮಾರುತ್ತಿದ್ದಾಗ, ಅವರ ಮಾರ್ಗದರ್ಶಕ ಛಗನಲಾಲ್ ಪಾರೇಖರು ಒಂದೇ ಗುಣಮಟ್ಟವನ್ನು ಕಾಯ್ದುಕೊಳ್ಳಬೇಕೆಂದೂ ಲೆಕ್ಕವನ್ನು ಸರಿಯಾಗಿ ಇಡಬೇಕೆಂದೂ ತಿಳಿಸಿದರು. ಆ ಸಂಸ್ಥೆ ಬೆಳೆದದ್ದು ಈ ಎರಡು ಮಾತುಗಳ ಬಲದಿಂದ. ಸಂಸ್ಥಾಪಕಿಯರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಜೈನ ಅಡುಗೆಮನೆಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆಯನ್ನು ನಮ್ಮ ಹಿರಿಯರು ವಿಧಿಸಿದ್ದಾರೆ. ಸೋಸಿದ ನೀರು, ಹಗಲಿನ ಅಡುಗೆ ನಮ್ಮ ವಾಡಿಕೆ. ದೊಡ್ಡ ಕಾರ್ಖಾನೆಗೆ ಪಾಲಿಸಲು ಕಷ್ಟವಾದ ಈ ನಿಯಮವನ್ನು ಸ್ವಲ್ಪ ಸ್ವಲ್ಪವೇ ಮಾಡಿ ಮಾರುವ ಮನೆಯು ಪಾಲಿಸಬಲ್ಲದು. ಮಾಡಿದ ದಿನವನ್ನು ಪೊಟ್ಟಣದ ಮೇಲೆ ಬರೆದು ಕೊಟ್ಟರೆ ಧರ್ಮವೂ ಉಳಿಯುತ್ತದೆ, ಗಿರಾಕಿಯ ವಿಶ್ವಾಸವೂ ಬೆಳೆಯುತ್ತದೆ.

ಆದರೆ ಸುಲಭವೆಂಬ ಮಾತಿನಲ್ಲಿರುವ ಅಪಾಯವನ್ನು ಅರಿತಿರಬೇಕು. ನಮಗೆ ಸುಲಭವಾದ ಉದ್ಯೋಗ ನೆರೆಯವರಿಗೂ ಸುಲಭ. ಒಂದು ಬೀದಿಯಲ್ಲಿ ನಾಲ್ಕು ಮನೆಗಳವರು ಹಪ್ಪಳ ಮಾಡತೊಡಗಿದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದಾಗ ತೂಕ ಇಳಿಸುವ, ಉದ್ದಿಗೆ ಬೇರೆ ಹಿಟ್ಟು ಬೆರೆಸುವ ಆಸೆ ಹುಟ್ಟುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಹೆಚ್ಚುಕಡಿಮೆ, ನಕಲಿ ಪದಾರ್ಥದ ವ್ಯವಹಾರ, ರಾಜ್ಯದ ಕಟ್ಟಳೆಯ ಉಲ್ಲಂಘನೆ ಇವುಗಳನ್ನು ಕಳವಿನ ಸಾಲಿನಲ್ಲಿಯೇ ಇಟ್ಟಿದೆ. ಅಡುಗೆಮನೆಯ ವ್ಯಾಪಾರವು ಸಣ್ಣದೆಂದು ಆಹಾರ ಸುರಕ್ಷತೆಯ ನೋಂದಣಿಯನ್ನು ಬಿಡುವುದೂ ಈ ಕೊನೆಯ ದೋಷಕ್ಕೆ ಸೇರುತ್ತದೆ. ಆದುದರಿಂದ ಆರಂಭಕ್ಕೆ ಮೊದಲೇ ಪ್ರಾಮಾಣಿಕ ಲೆಕ್ಕವೊಂದನ್ನು ಬರೆಯಬೇಕು. ಸಾಮಗ್ರಿಯ ಬೆಲೆಯೊಂದಿಗೆ ಮನೆಯ ಹೆಂಗಸರ ದುಡಿಮೆಗೂ ಕೂಲಿ ಕಟ್ಟಬೇಕು. ಉರುವಲು, ಕೆಟ್ಟುಹೋಗುವ ಸರಕು, ವಸೂಲಾಗದ ಸಾಲ ಇವುಗಳನ್ನು ಸೇರಿಸಬೇಕು. ಸರಿಯಾದ ತೂಕ ಕೊಟ್ಟೂ ಲಾಭ ಉಳಿಯದಿದ್ದರೆ ಆ ಉದ್ಯೋಗ ನಮಗೆ ಸುಲಭವಲ್ಲ. ಲಾಭ ಬಂದಲ್ಲಿ ಪರಿಗ್ರಹ ಪರಿಮಾಣವನ್ನು ಮೊದಲೇ ನಿಶ್ಚಯಿಸಿಕೊಂಡಿರುವುದು ಲೇಸು. ಎಷ್ಟು ಸಾಕೆಂಬುದನ್ನು ಗೊತ್ತುಮಾಡಿಕೊಳ್ಳದ ವ್ಯಾಪಾರವು ಮನೆಯೊಳಗಿದ್ದೂ ಮನೆಯ ನೆಮ್ಮದಿಯನ್ನು ಕಳೆಯುತ್ತದೆ.

ಕಲ್ಲೆಹದ ಬುಸುವಿಸೆಟ್ಟಿ ಯಾವ ಸರಕನ್ನು ಮಾರುತ್ತಿದ್ದನೆಂಬುದನ್ನು ಶಾಸನ ಹೇಳುವುದಿಲ್ಲ. ಅವನ ಲಾಭವೆಷ್ಟೆಂದೂ ಹೇಳುವುದಿಲ್ಲ. ವಿವಾದದ ಎರಡು ಪಕ್ಷಗಳೂ ಒಟ್ಟಾಗಿ ಅವನನ್ನು ನಾಯಕನೆಂದು ಒಪ್ಪಿದವೆಂಬುದನ್ನು ಮಾತ್ರ ಕಲ್ಲಿನಲ್ಲಿ ಬರೆದಿದೆ. ವರ್ತಕನೊಬ್ಬನಿಗೆ ಇಂತಹ ಮನ್ನಣೆಯು ಒಂದೇ ದಿನದ ದಾನದಿಂದ ದೊರೆಯುವುದಿಲ್ಲ. ಬಹುಕಾಲದ ಶುದ್ಧ ವ್ಯವಹಾರದಿಂದ ದೊರೆಯುತ್ತದೆ. ಮನೆಯಲ್ಲಿ ಉದ್ಯೋಗ ಹೂಡುವ ನಮ್ಮ ಸಹೋದರ ಸಹೋದರಿಯರು ಆ ವಿಶ್ವಾಸವನ್ನೇ ತಮ್ಮ ಮೊದಲ ಬಂಡವಾಳವೆಂದು ತಿಳಿಯಲಿ.