ನಾನು ಹಿಡಿದ ಮೊಲಕ್ಕೆ ಎಷ್ಟು ಕಾಲು?

ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾನೆ. "ಅಣ್ಣಾ, ಮೊಲದ ಒಂದು ಯೂನಿಟ್ ಹಾಕೋಣ ಅಂತಿದೀನಿ. ಏಳು ಹೆಣ್ಣು, ಮೂರು ಗಂಡು. ಮರಿ ಅವರೇ ವಾಪಸ್ ತಗೋತಾರಂತೆ. ನೀವೂ ಸಾಕಿದ್ರಂತಲ್ಲ, ಹೇಗೆ?" ಅಂದ. ಆ "ಏಳು ಹೆಣ್ಣು, ಮೂರು ಗಂಡು" ಕೇಳಿದ ಕೂಡಲೇ ನನಗೆ ಹನ್ನೆರಡು ವರ್ಷದ ಹಿಂದಿನದೆಲ್ಲ ನೆನಪಾಯ್ತು. ಫೋನಲ್ಲಿ ಅರ್ಧ ಗಂಟೆ ಹೇಳಿದ್ರೂ ಮುಗೀಲಿಲ್ಲ. ಬರೆದು ಹಾಕ್ತೀನಿ ಕಣಪ್ಪಾ ಅಂದೆ. ಇದು ಅದೇ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಅಂತೀವಿ. ಆದರೆ ನಮ್ಮ ಹೊಲದ ಬದುವಿನಿಂದ ಚಂಗನೆ ಹಾರಿ ಓಡೋ ಕಾಡುಮೊಲ ಬೇರೆ, ಪಂಜರದಲ್ಲಿ ಸಾಕೋ ಮೊಲ ಬೇರೆ. ಬಣ್ಣ, ಗಾತ್ರದ ವ್ಯತ್ಯಾಸ ಮಾತ್ರ ಅಲ್ಲ, ಜಾತಿಯೇ ಬೇರೆ. ಸಾಕುಮೊಲಕ್ಕೆ 44 ವರ್ಣತಂತು, ನಮ್ಮ ಕಾಡುಮೊಲದ ಕುಲಕ್ಕೆ 48. ಎರಡೂ ಕೂಡಿ ಮರಿ ಆಗೋದಿಲ್ಲ. ಕಾಡುಮೊಲ ಬಿಲ ತೋಡೋದಿಲ್ಲ, ಪೊದೆ ಮರೆಯಲ್ಲಿ ನೆಲದ ಮೇಲೇ ಈಯುತ್ತೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ಬಿಟ್ಟಿರುತ್ತೆ. ಸಾಕುಮೊಲದ ಮೂಲ ಮಾತ್ರ ಬಿಲದ ಮೊಲ. ಮರಿಗೆ ಕೂದಲಿಲ್ಲ, ಕಣ್ಣಿಲ್ಲ, ಹುಟ್ಟಿದ ಹತ್ತು ದಿನಕ್ಕೆ ಕಣ್ಣು ಬಿಡುತ್ತೆ. ಹಕ್ಕ ಬುಕ್ಕರ ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಯ್ತು ಅಂತ ವಿಜಯನಗರದ ಕತೆಯಲ್ಲಿ ಬರೋದು ನಮ್ಮ ಕಾಡುಮೊಲ. ಅದನ್ನು ಹಿಡಿಯೋದು, ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದನ್ನು ತಂದು ಸಾಕ್ತೀನಿ ಅನ್ನೋ ಯೋಚನೆ ಯಾರಿಗಾದರೂ ಇದ್ದರೆ ಇಲ್ಲಿಗೇ ಬಿಡಿ.

ಬಿಲದ ಮೊಲದ ತವರು ಸ್ಪೇನ್, ಪೋರ್ಚುಗಲ್ ಮತ್ತು ಅದಕ್ಕೆ ಅಂಟಿಕೊಂಡ ಫ್ರಾನ್ಸಿನ ದಕ್ಷಿಣ ಭಾಗ. ರೋಮನ್ನರು ಸ್ಪೇನ್ ಗೆದ್ದ ಮೇಲೆ ಇದನ್ನು ಚೆನ್ನಾಗಿ ಕಂಡರು. ಎರಡು ಸಾವಿರ ವರ್ಷದ ಹಿಂದೆ ವಾರೋ ಅನ್ನೋ ರೋಮನ್ ಪಂಡಿತ ಬೇಸಾಯದ ಮೇಲೆ ಒಂದು ಪುಸ್ತಕ ಬರೆದ. ಗೋಡೆ ಕಟ್ಟಿದ ತೋಟದಲ್ಲಿ ಮೊಲ ಬಿಟ್ಟು ಸಾಕೋದು ಅದರಲ್ಲಿದೆ, ಸ್ಪೇನಿನ ಬಿಲದ ಮೊಲದ ಮಾತೂ ಇದೆ. ಆಮೇಲೆ ಬಂದ ಪ್ಲಿನಿ ಇನ್ನೊಂದು ಸಂಗತಿ ಹೇಳ್ತಾನೆ. ಸ್ಪೇನ್ ಪಕ್ಕದ ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲ ಹೆಚ್ಚಿ ಬೆಳೆ ಎಲ್ಲ ತಿಂದು ಬರ ಬಿತ್ತಂತೆ. ಅಲ್ಲಿನ ಜನ ಅಗಸ್ಟಸ್ ಚಕ್ರವರ್ತಿಗೆ ಮೊಲದ ಮೇಲೆ ಸೈನ್ಯ ಕಳಿಸಿ ಅಂತ ಅರ್ಜಿ ಹಾಕಿದರಂತೆ! ಆನೆ, ಹಂದಿ, ಮಂಗ ಅಂತ ನಾವು ಅರ್ಜಿ ಹಿಡಿದು ಓಡಾಡ್ತೀವಲ್ಲ, ಆ ಸಾಲು ಅಲ್ಲಿಂದಲೇ ಶುರು ಅನ್ನಿ.

ಇನ್ನು ಪಳಗಿಸಿದ್ದು ಯಾರು? ಮೊಲ ಸಾಕಾಣಿಕೆ ಬಗ್ಗೆ ಯಾವ ಪುಸ್ತಕ ತೆಗೆದರೂ ಮೊದಲ ಪುಟದಲ್ಲಿ ಒಂದು ಕತೆ ಸಿಗ್ತಿತ್ತು. ಕ್ರಿ.ಶ. 600ರ ಹೊತ್ತಿಗೆ ಪೋಪ್ ಗ್ರೆಗರಿ ಒಂದು ಅಪ್ಪಣೆ ಕೊಟ್ಟನಂತೆ: ಹುಟ್ಟಿದ ತಕ್ಷಣದ ಮೊಲದ ಮರಿ ಮಾಂಸ ಅಲ್ಲ, ಮೀನಿಗೆ ಸಮ, ಉಪವಾಸದ ದಿನಗಳಲ್ಲೂ ತಿನ್ನಬಹುದು. ಅದಕ್ಕೇ ಫ್ರಾನ್ಸಿನ ಮಠಗಳ ಸನ್ಯಾಸಿಗಳು ಮೊಲ ಸಾಕಿ ಪಳಗಿಸಿದರಂತೆ. ನಾನೂ ಇದನ್ನು ನಂಬಿದ್ದೆ, ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. 2018ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಇದರ ಬೇರು ಹುಡುಕಿಕೊಂಡು ಹೋದರು. ಅಂಥ ಅಪ್ಪಣೆ ಎಲ್ಲೂ ಇಲ್ಲ! ಫ್ರಾನ್ಸಿನ ತೂರ್ ಊರಿನ ಬಿಷಪ್ ಇನ್ನೊಬ್ಬ ಗ್ರೆಗರಿ, ತನಗಾಗದ, ದೊರೆಯ ಕಡೆಯವನೊಬ್ಬ ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದ ಅಂತ ಬರೆದಿದ್ದ, ಅಷ್ಟೇ. ಯಾರೋ ಇಬ್ಬರು ಗ್ರೆಗರಿಯರನ್ನೂ ಒಬ್ಬನೇ ಮಾಡಿದರು, ಮುಂದಿನವರು ನೋಡದೆ ನಕಲು ಹೊಡೆದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಇದಕ್ಕೇ ಇರೋದು.

ಹಾಗಾದರೆ ನಿಜ ಏನಪ್ಪಾ ಅಂದ್ರೆ, ಮೊಲವನ್ನು ಯಾರೋ ಒಬ್ಬರು ಒಂದು ದಿನ ಕೂತು ಪಳಗಿಸಲಿಲ್ಲ. ಮೊದಲು ಗೋಡೆಯೊಳಗೆ ಬಿಟ್ಟರು, ಆಮೇಲೆ ಮಣ್ಣಿನ ದಿಬ್ಬ ಕಟ್ಟಿ ಬಿಲ ಮಾಡಿಕೊಟ್ಟರು, ಕೊನೆಗೆ ಪಂಜರಕ್ಕೆ ತಂದರು. ನೂರಾರು ವರ್ಷದ ಕೆಲಸ. ಇಂದಿನ ಸಾಕುಮೊಲಗಳೆಲ್ಲ ಫ್ರಾನ್ಸಿನ ಕಾಡು ಬಿಲಮೊಲದಿಂದ ಬಂದವು ಅಂತ ತಳಿವಿಜ್ಞಾನ ಹೇಳುತ್ತೆ. ಮೂಳೆಯಲ್ಲಿ ಕಾಣುವಷ್ಟು ಬದಲಾವಣೆ 18ನೇ ಶತಮಾನದಿಂದ ಈಚೆಗಿನದು.

ನಡುವಿನ ಕಾಲದಲ್ಲಿ ಮೊಲ ಬಡವರದ್ದಾಗಿರಲಿಲ್ಲ. ನಾರ್ಮನ್ನರು ಬಂದ ಮೇಲೆ ಇಂಗ್ಲೆಂಡಿಗೆ ಬಂದ ಇದು ಅಲ್ಲಿನ ಜಮೀನ್ದಾರರ, ಮಠಗಳ ಸೊತ್ತು. ಥೆಟ್‌ಫರ್ಡ್ ಅನ್ನೋ ಕಡೆ 1400ರ ಸುಮಾರಿಗೆ ಮಠದವರು ಮೊಲ ಕಾಯೋನಿಗೆ ಕೋಟೆ ಥರ ದಪ್ಪ ಕಲ್ಲುಗೋಡೆಯ ಮನೆ ಕಟ್ಟಿಸಿದರು, ಇವತ್ತಿಗೂ ನಿಂತಿದೆ. ಕಳ್ಳರ ಕಾಟ ಅಷ್ಟಿತ್ತು. ರೈತನ ಬೆಳೆಗೆ ಒಡೆಯನ ಮೊಲ ನುಗ್ಗಿದರೂ ಮುಟ್ಟೋ ಹಾಗಿರಲಿಲ್ಲ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಸೇಂಟ್ ಆಲ್ಬನ್ಸ್ ಊರಿನವರು ಒಂದು ಜೀವಂತ ಮೊಲ ಹಿಡಿದು ಊರ ನಡುವಿನ ಶಿಕ್ಷೆಯ ಕಂಬಕ್ಕೆ ಕಟ್ಟಿದರಂತೆ. ಮೊಲ ಹಿಡಿಯೋ ಹಕ್ಕು ಇನ್ನು ನಮ್ಮದೂ ಹೌದು ಅಂತ ಸಾರೋಕೆ. ಒಂದು ಸಣ್ಣ ಪ್ರಾಣಿಯ ಹಿಂದೆ ಎಷ್ಟು ಸಿಟ್ಟು ಇತ್ತು ನೋಡಿ.

ಪಂಜರಕ್ಕೆ ಬಂದ ಮೇಲೆ ಇದು ನಿಧಾನಕ್ಕೆ ಬಡವರ ಹಿತ್ತಲಿಗೆ ಇಳೀತು. ಜಾಗ ಬೇಡ, ಮೇವಿಗೆ ಬೇಲಿಸಾಲಿನ ಹುಲ್ಲು, ಅಡಿಗೆಮನೆ ಸಿಪ್ಪೆ ಸಾಕು. ಬೆಲ್ಜಿಯಂ, ಫ್ರಾನ್ಸಿನ ಕೂಲಿಕಾರರ ಮನೆ ಹಿಂದೆ ಮೊಲದ ಗೂಡು ಸಾಮಾನ್ಯ ಆಯ್ತು. ಎರಡನೇ ಮಹಾಯುದ್ಧದಲ್ಲಿ ಮಾಂಸಕ್ಕೆ ರೇಷನ್ ಬಂದಾಗ ಇಂಗ್ಲೆಂಡಿನ ಜನ ಹಿತ್ತಲಲ್ಲಿ ಮೊಲ ಸಾಕಿಕೊಂಡರು. ಅವರೆಲ್ಲ ಸಾಕಿದ್ದು ತಾವು ತಿನ್ನೋಕೆ. ಈ ಮಾತು ನೆನಪಲ್ಲಿ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. 1890ರ ದಶಕದ ಕೊನೆಗೆ ಅಮೆರಿಕದಲ್ಲಿ 'ಬೆಲ್ಜಿಯನ್ ಹೇರ್' ಅನ್ನೋ ತಳಿಯ ಹುಚ್ಚು ಹಿಡೀತು. ಹೆಸರು ಕಾಡುಮೊಲದ್ದು, ಜಾತಿ ಸಾಕುಮೊಲವೇ. ಉದ್ದ ಕಾಲು, ಕೆಂಚು ಬಣ್ಣ, ನೋಡೋಕೆ ಕಾಡುಮೊಲದ ಹಾಗೆ ಬರಲಿ ಅಂತ ಆರಿಸಿ ಬೆಳೆಸಿದ್ದು. ಇಂಗ್ಲೆಂಡಿನಿಂದ ಹಡಗಲ್ಲಿ ತರಿಸಿದರು. ಲಾಸ್ ಏಂಜಲಿಸ್ ಕಡೆ ಮನೆಮನೆಯ ಹಿತ್ತಲಲ್ಲಿ ಗೂಡು. ಹೆಸರಾದ ಗಂಡಿಗೆ ಸಾವಿರ ಡಾಲರಿಗೂ ಮೇಲೆ ಬೆಲೆ! ಇದರ ಮಾಂಸ ಮುಂದೆ ಎಲ್ಲರ ಊಟ ಆಗುತ್ತೆ ಅಂತ ಪ್ರಚಾರ. ಆದರೆ ನಡೀತಿದ್ದದ್ದು ಏನು? ಸಾಕೋನು ಇನ್ನೊಬ್ಬ ಸಾಕೋನಿಗೆ ಮರಿ ಮಾರ್ತಿದ್ದ, ಅವನು ಮತ್ತೊಬ್ಬನಿಗೆ. ತಿನ್ನೋನು ಇರಲೇ ಇಲ್ಲ. ಮೊಲ ಬೇರೆ, ತಿಂಗಳಿಗೆ ಈಯೋ ಪ್ರಾಣಿ. ಎರಡು ಮೂರು ವರ್ಷದಲ್ಲಿ ಎಲ್ಲರ ಹತ್ರಾನೂ ಮೊಲ ಆಯ್ತು, ಕೊಳ್ಳೋರು ಮುಗಿದರು, ಬೆಲೆ ನೆಲ ಕಚ್ಚಿತು.

ಇದನ್ನು ನಾನು ಓದಿದ್ದು ನನ್ನ ಗೂಡು ಖಾಲಿಯಾದ ಮೇಲೆ. ಮೊದಲೇ ಓದಿದ್ದರೆ!

ನಮಗೆ ಸಿಕ್ಕಿದ್ದು ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ ತಳಿ. ಹೆಸರು ಹೇಳಲ್ಲ, ಒಂದು ಕಂಪನಿಯವರು ಬಂದು ಛಾಪಾಕಾಗದದ ಮೇಲೆ ಬರೆದುಕೊಟ್ಟರು. ಮೂರು ತಿಂಗಳ ಮರಿ, ಎರಡು ಕೆಜಿ ಬಂದರೆ ವಾಪಸ್ ಖರೀದಿ. ಎಮ್ಮೆ ಮಾರಿ ದುಡ್ಡು ಕಟ್ಟಿದೆ. ಅಮ್ಮ ಒಂದೇ ಮಾತು ಕೇಳಿದಳು, "ಇದನ್ನ ನಮ್ಮೂರಲ್ಲಿ ಯಾರು ತಿಂತಾರೋ?" ನಾನು ನಕ್ಕೆ.

ಮೊದಲ ಸೂಲು ನನ್ನ ಅಜ್ಞಾನಕ್ಕೆ ಹೋಯ್ತು. ತಾಯಿ ಮರಿ ಹತ್ರ ಕೂರ್ತಾನೇ ಇರಲಿಲ್ಲ. ಹಾಲು ಕೊಡ್ತಿಲ್ಲ ಅಂದುಕೊಂಡು ಹಸುವಿನ ಹಾಲು ಹಿಂಡಿ ಹಿಂಡಿ ಕುಡಿಸಿದೆ. ಒಂದೂ ಉಳೀಲಿಲ್ಲ. ಆಮೇಲೆ ತಿಳೀತು: ಮೊಲ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಹಾಲು ಕೊಟ್ಟು ಹೊರಗೆ ಬರುತ್ತೆ. ಬಿಲದಲ್ಲಿದ್ದಾಗಿನ ಬುದ್ಧಿ ಅದು. ತಾಯಿ ಪದೇ ಪದೇ ಹೋಗಿ ಬಂದರೆ ನರಿಗೆ ದಾರಿ ಗೊತ್ತಾಗುತ್ತಲ್ಲ! ಕಬ್ಬಿಣದ ಪಂಜರದಲ್ಲಿದ್ದರೂ ಸ್ಪೇನಿನ ನರಿಯನ್ನು ಅದು ಮರೆತಿಲ್ಲ. ಗಬ್ಬ ಕಟ್ಟಿದ 28ನೇ ದಿನಕ್ಕೆ ಒಳಗೆ ಮರದ ಪೆಟ್ಟಿಗೆ ಇಟ್ಟು ಒಣಹುಲ್ಲು ಹಾಕಿದರೆ, ತನ್ನ ಹೊಟ್ಟೆ ಕೂದಲು ಕಿತ್ತು ತಾನೇ ಹಾಸಿಗೆ ಮಾಡಿಕೊಂಡು 31ಕ್ಕೆ ಈಯುತ್ತೆ. ಮುಚ್ಚಿ ಬಿಟ್ಟುಬಿಡಬೇಕು. ಬೆಳಿಗ್ಗೆ ಒಂದು ಸಲ ನೋಡಿ, ಮರಿ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ ಅಂತ ಅರ್ಥ.

ಎರಡನೇ ಸಲಕ್ಕೆ ಕೈ ಹತ್ತಿತು. ಕಂಪನಿಯವರು ಎರಡು ಬ್ಯಾಚ್ ತಗೊಂಡರು, ದುಡ್ಡೂ ಕೊಟ್ಟರು. ಅದನ್ನು ನೋಡಿ ನಮ್ಮ ಭಾವನೂ ಒಂದು ಯೂನಿಟ್ ಹಾಕಿದ. ನನ್ನ ಮಾತು ನಂಬಿ. ಮೂರನೇ ಬ್ಯಾಚಿಗೆ ಫೋನ್ ಸ್ವಿಚ್ ಆಫ್. ಅರವತ್ತಕ್ಕೂ ಹೆಚ್ಚು ಮೊಲ ಗೂಡಲ್ಲಿ, ದಿನಾ ಮೇವು ಹಾಕಲೇಬೇಕು. ಸಂತೆಗೆ ಹೊತ್ತುಕೊಂಡು ಹೋದರೆ ಮಕ್ಕಳು ಸವರಿ ನೋಡ್ತಿದ್ದರು, ದೊಡ್ಡವರು ಬೆಲೆ ಕೇಳಿ ಮುಂದಕ್ಕೆ ಹೋಗ್ತಿದ್ದರು. ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗೆ ಒಂದಿಷ್ಟು ಸತ್ತವು. ಭಾವ ನನ್ನನ್ನು ಬೈಯಲಿಲ್ಲ, ಆದರೆ ಎರಡು ವರ್ಷ ನಮ್ಮ ಮನೆ ಹೊಸ್ತಿಲು ತುಳೀಲಿಲ್ಲ. ಹೋದ ದುಡ್ಡಿಗಿಂತ ಅದು ಜಾಸ್ತಿ ನೋಯ್ತು.

ಮೊಲದ್ದು ತಪ್ಪಿಲ್ಲ. ಕೇರಳದಲ್ಲಿ ಅದರ ಮಾಂಸ ತಿನ್ನೋರಿದ್ದಾರೆ. ಕೊಡೈಕೆನಾಲ್ ಹತ್ರ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಮಾಂಸದ ತಳಿಗಳ ಕೆಲಸ ಅಲ್ಲಿ ನಡೆಯುತ್ತೆ. ಅದು ತಂಪು ಬೆಟ್ಟ, ನಮ್ಮದು ಬಯಲುಸೀಮೆ. 30 ಡಿಗ್ರಿ ದಾಟಿದರೆ ಮೊಲಕ್ಕೆ ಸಂಕಟ, ಗಂಡುಗಳು ಸ್ವಲ್ಪ ಕಾಲ ಬಂಜೆ ಆಗೋದೂ ಉಂಟು.

ಆ ಹುಡುಗನಿಗೆ ಕೊನೆಗೆ ಹೇಳೋದು ಇಷ್ಟು. ಸಾಕ್ಲೇಬೇಕು ಅಂತಿದ್ದರೆ ಎರಡು ಹೆಣ್ಣು, ಒಂದು ಗಂಡು ತಗೋ. ಮರದ ನೆರಳಲ್ಲಿ ಗೂಡು ಮಾಡು, ಗರಿಕೆ, ಕುದುರೆ ಮೆಂತೆ ಹಾಕು. ಒಂದು ವರ್ಷ ಕೈ ಪಳಗಲಿ. ನಿಮ್ಮ ಮನೇಲಿ ತಿಂತೀರಾ? ಊರಲ್ಲಿ ತಿಂತಾರಾ? ಹತ್ತಿರದ ಯಾವ ಹೋಟೆಲಿನವನು ವಾರಕ್ಕೆ ಎಷ್ಟು ಕೆಜಿ ತಗೋತಾನೆ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಮುಂದಿನ ಮಾತು. "ಮರಿ ನಾವೇ ವಾಪಸ್ ತಗೋತೀವಿ" ಅನ್ನೋರನ್ನು ಒಂದೇ ಪ್ರಶ್ನೆ ಕೇಳು: ತಗೊಂಡು ಯಾರಿಗೆ ಮಾರ್ತೀರಿ? ಇನ್ನೊಬ್ಬ ಸಾಕೋನಿಗೆ ಅಂದರೆ ಎದ್ದು ಬಾ.

ನನ್ನ ಹಳೇ ಗೂಡಲ್ಲಿ ಈಗ ಅಮ್ಮ ಕೋಳಿ ಕೂಡ್ತಾಳೆ. ಆ ವರ್ಷ ಮೊಲದ ಹಿಕ್ಕೆ ಹಾಕಿದ ನಾಲ್ಕು ತೆಂಗಿನ ಮರ ಮಾತ್ರ ಚೆನ್ನಾಗಿ ಕಾಯಿ ಬಿಟ್ಟವು. ಅದರಲ್ಲಿ ಒಂದು ಗೊನೆ ಭಾವನ ಮನೆಗೆ ಹೊತ್ತುಕೊಂಡು ಹೋಗಿದ್ದೆ. ಒಳಗೆ ಕರೆದು ಕಾಫಿ ಕೊಟ್ಟ.

ನಿಮ್ಮ ಕಡೆ ಮೊಲ ಸಾಕಿ ಗೆದ್ದವರಿದ್ದರೂ, ಸೋತವರಿದ್ದರೂ ಬರೀರಿ. ಆ ಹುಡುಗನೂ ಓದ್ತಾನೆ.