ದನಿಗೂ ಚಿತ್ರಕ್ಕೂ ಎರಡು ಗಡಿಯಾರ

ಉಮರ್ಗಾ ತಾಲೂಕಿನ ದಾಳಿಂಬದ ಮನೆಯೊಂದರಲ್ಲಿ ಸುಮಾರು ಹದಿನೈದು ವರ್ಷಗಳ ಹಿಂದೆ ಚಿತ್ರೀಕರಿಸಿದ ಬೀಸುವ ಪದಗಳ ಡಿವಿಡಿಯೊಂದು ಕಳೆದ ವರ್ಷ ನಮ್ಮ ಕೈಸೇರಿತು. ಹಾಡಿದ ಹಿರಿಯರು ಈಗಿಲ್ಲ. ಚಿತ್ರ ಚೆನ್ನಾಗಿತ್ತು. ತುಟಿಯೂ ಮಾತೂ ಕೂಡಿಯೇ ನಡೆಯುತ್ತಿದ್ದವು. ಬೀಸುಕಲ್ಲಿನ ಗೂಟ ಎದುರಿಗೆ ಬಂದಾಗಲೆಲ್ಲ ಪದದ ಒತ್ತು ತಪ್ಪದೆ ಬೀಳುತ್ತಿತ್ತು. ಗಡಿನಾಡಿನ ಕನ್ನಡಕ್ಕೆ ಒಂದು ದಾಖಲೆ ದೊರೆಯಿತೆಂದು ನಾವು ಹಿಗ್ಗಿದೆವು. ಆದರೆ ಆ ಹಿರಿಯರ ಮಗಳು ಎರಡು ನುಡಿ ಕೇಳುವಷ್ಟರಲ್ಲಿ ತಲೆಯಾಡಿಸಿ, "ಪದ ನಮ್ಮವ್ವಂದೇ ಖರೆ ರೀ, ದನಿ ಮಾತ್ರ ನಮ್ಮವ್ವಂದಲ್ಲ" ಎಂದರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಎಲ್ಲವೂ ಹೊಂದಿಕೊಂಡಿರುವಾಗ ದನಿ ಬದಲಾಗುವುದು ಹೇಗೆ? ಉತ್ತರ ಹುಡುಕಹೊರಟ ನಾವು ಚಲನಚಿತ್ರದ ನೂರು ವರ್ಷಗಳ ಹಿಂದಕ್ಕೆ ಹೋಗಬೇಕಾಯಿತು.

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಬೀಸುಕಲ್ಲಿನಂತೆಯೇ ಕೈಯಿಂದ ತಿರುಗಿಸುತ್ತಿದ್ದರು. ಹಿಡಿಕೆ ಒಂದು ಸುತ್ತು ಬಂದರೆ ಎಂಟು ಚಿತ್ರಗಳು. ಸೆಕೆಂಡಿಗೆ ಎರಡು ಸುತ್ತಾದರೆ ಹದಿನಾರು. ಇದು ಬಾಯಿಲೆಕ್ಕ ಮಾತ್ರ. ತಿರುಗಿಸುವವನ ತೋಳು ಸೋತಂತೆ ಎಣಿಕೆ ಇಳಿಯುತ್ತಿತ್ತು, ಹುರುಪು ಬಂದಾಗ ಏರುತ್ತಿತ್ತು. ತೆರೆಯ ಮೇಲೆ ತೋರಿಸುವವನೂ ತನ್ನ ಇಷ್ಟದ ವೇಗದಲ್ಲಿ ಓಡಿಸುತ್ತಿದ್ದ. ಕಣ್ಣು ಇದನ್ನೆಲ್ಲ ಸಹಿಸುತ್ತದೆ. ಮೋಹನ್ ಭವನಾನಿ ಅವರ ಮೂಕಿ ಚಿತ್ರ 'ವಸಂತಸೇನಾ'ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಟಿ. ಪಿ. ಕೈಲಾಸಂ ಅವರೂ ನಟಿಸಿದಾಗ, ಅವರ ನಡಿಗೆ ತುಸು ಚುರುಕಾಗಿ ಕಂಡರೆ ಪ್ರೇಕ್ಷಕನಿಗೆ ನಷ್ಟವೇನೂ ಇರಲಿಲ್ಲ.

ಕಿವಿಯ ಸ್ವಭಾವ ಬೇರೆ. ಸ್ವರ ಒಂದಿಷ್ಟು ಜಾರಿದರೂ ಅದು ಗುರುತಿಸುತ್ತದೆ. 1926-27ರ ಸುಮಾರಿಗೆ ಅಮೆರಿಕದಲ್ಲಿ ಚಿತ್ರಕ್ಕೆ ಮಾತು ಕೂಡಿಸುವ ಯತ್ನ ಗಟ್ಟಿಯಾದಾಗ, ವೇಗವನ್ನು ಕೈಯ ಹದಕ್ಕೆ ಬಿಡುವಂತಿರಲಿಲ್ಲ. ಮೋಟಾರು ಬಂತು, ಸೆಕೆಂಡಿಗೆ 24 ಚಿತ್ರಗಳೆಂಬ ನಿಯಮ ಬಂತು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ ಹದಿನಾರು ಚಿತ್ರಗಳಿರುವುದರಿಂದ ನಿಮಿಷಕ್ಕೆ 90 ಅಡಿ ಓಡಬೇಕು. ಹದಿನಾರರ ಎಣಿಕೆಯಲ್ಲಿ 60 ಅಡಿ ಸಾಕಾಗಿತ್ತು. ಫಿಲ್ಮಿನ ಖರ್ಚು ಒಂದೂವರೆ ಪಟ್ಟಾಯಿತು. ಆದರೂ ಒಪ್ಪಿಕೊಂಡರು. ಮಾತಿಗಾಗಿ ಚಿತ್ರವು ತನ್ನ ನಡಿಗೆಯನ್ನು ಬದಲಿಸಿಕೊಂಡಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಥೆಗೆ ಅದೇ ಕೀಲಿ.

ಕನ್ನಡವು ತೆರೆಯ ಮೇಲೆ ಮಾತನಾಡಿದ್ದು ಇಂದಿನ ಮಹಾರಾಷ್ಟ್ರದ ನೆಲದಲ್ಲಿ ಎಂಬುದು ಗಡಿನಾಡಿನವರಾದ ನಮಗೆ ವಿಶೇಷ ಸಂತೋಷದ ಸಂಗತಿ. 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ವೈ. ವಿ. ರಾವ್ ನಿರ್ದೇಶಕರು, ಬೆಳ್ಳಾವೆ ನರಹರಿ ಶಾಸ್ತ್ರಿಗಳದು ಸಾಹಿತ್ಯ, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಅದು ತೆರೆಕಂಡಿತು. ಹಿನ್ನೆಲೆ ಗಾಯನವಿನ್ನೂ ರೂಢಿಗೆ ಬಂದಿರಲಿಲ್ಲ. ನಟರೇ ಕ್ಯಾಮೆರಾದ ಎದುರು ಹಾಡಬೇಕು, ಹಾಡಿದ್ದು ಆಗಲೇ ಮುದ್ರಿತವಾಗಬೇಕು. ರಂಗಭೂಮಿಯಲ್ಲಿ ಪಳಗಿದ ಕಂಠಗಳು ಅವು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದ ದನಿ ಹೇಗಿತ್ತೆಂದು ಇಂದು ಕೇಳಿ ಹೇಳುವಂತಿಲ್ಲ.

ಫಿಲ್ಮಿನ ಮೇಲೆ ಮಾತು ಕುಳಿತಿರುವ ಬಗೆಯೂ ಸ್ವಾರಸ್ಯಕರ. ಚಿತ್ರವು ಪ್ರೊಜೆಕ್ಟರಿನ ಕಿಟಕಿಯ ಎದುರು ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು. ಧ್ವನಿಯೋ ಎಲ್ಲಿಯೂ ನಿಲ್ಲದೆ ಹರಿಯಬೇಕು. ಒಂದೇ ಸ್ಥಳದಲ್ಲಿ ಎರಡನ್ನೂ ಸಾಧಿಸಲಾಗದು. ಆದ್ದರಿಂದ ಧ್ವನಿಯನ್ನು ಅದರ ಚಿತ್ರದ ಪಕ್ಕದಲ್ಲಿಡದೆ, ಫಿಲ್ಮಿನ ಅಂಚಿನಲ್ಲಿ ಕೆಲವು ಚಿತ್ರಗಳಷ್ಟು ಮುಂದಕ್ಕೆ ಮುದ್ರಿಸುತ್ತಾರೆ; 16 ಮಿಲಿಮೀಟರ್ ಫಿಲ್ಮಿನಲ್ಲಾದರೆ 26 ಚಿತ್ರಗಳಷ್ಟು ಮುಂದೆ. ನಡುವೆ ಬಿಡುವ ಫಿಲ್ಮಿನ ಕುಣಿಕೆ ಉದ್ದವಾದರೆ ಅಥವಾ ಗಿಡ್ಡವಾದರೆ ತುಟಿ ಮೊದಲು, ಮಾತು ಆಮೇಲೆ. ಇಲ್ಲವೇ ಮಾತು ಮೊದಲು, ತುಟಿ ಆಮೇಲೆ. ನಮ್ಮ ಭಾಗದ ಜಾತ್ರೆಗಳ ಟೂರಿಂಗ್ ಟಾಕೀಸುಗಳಲ್ಲಿ ಇದನ್ನು ಕಂಡು ಸಿಳ್ಳೆ ಹೊಡೆದವರು ಈ ಸಂಚಿಕೆಯ ಓದುಗರಲ್ಲಿಯೂ ಇದ್ದಾರು. ಅದು ಸಣ್ಣ ತಪ್ಪು. ಮೊದಲಿಗೆ ಅರ್ಧ ಸೆಕೆಂಡು ವ್ಯತ್ಯಾಸವಿದ್ದರೆ ಕೊನೆಗೂ ಅಷ್ಟೇ. ಕುಣಿಕೆ ಸರಿಮಾಡಿದರೆ ಮುಗಿಯಿತು. ವೇಗದ ವ್ಯತ್ಯಾಸ ಹಾಗಲ್ಲ, ಸಾಲದ ಬಡ್ಡಿಯಂತೆ ಬೆಳೆಯುತ್ತಲೇ ಹೋಗುತ್ತದೆ.

ಆ ದೊಡ್ಡ ತೊಡಕು ದೂರದರ್ಶನದೊಡನೆ ಬಂತು. ಟಿವಿಯ ಚಿತ್ರವೇಗವನ್ನು ಆಯಾ ದೇಶದ ವಿದ್ಯುತ್ತಿನ ಲಯಕ್ಕೆ ಹೊಂದಿಸಿದರು. ನಮ್ಮದು ಸೆಕೆಂಡಿಗೆ 50 ಆವರ್ತ. ಆದ್ದರಿಂದ 25 ಚಿತ್ರ. ಅಮೆರಿಕದಲ್ಲಿ 60 ಆವರ್ತ. ಅಲ್ಲಿ 30 ಚಿತ್ರ, ಬಣ್ಣ ಬಂದಮೇಲೆ 29.97. ಸಿನೆಮಾದ 24 ಇವೆರಡಕ್ಕೂ ಸೇರದು. 24ರ ಚಿತ್ರವನ್ನು 25ರ ಟಿವಿಗೆ ತರುವ ಸುಲಭ ದಾರಿಯೆಂದರೆ ಸುಮ್ಮನೆ ತುಸು ಬೇಗ ಓಡಿಸುವುದು. ಎರಡೂವರೆ ಗಂಟೆಯ ಚಿತ್ರ 144 ನಿಮಿಷಗಳಲ್ಲಿ ಮುಗಿಯುತ್ತದೆ. ಕಣ್ಣಿಗೆ ಇದು ತಿಳಿಯುವುದೇ ಇಲ್ಲ. ಆದರೆ ದನಿಯನ್ನೂ ಜೊತೆಗೇ ಓಡಿಸಿದರೆ ಸ್ವರ ಏರುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ಬಿಳಿ ಒಂದರಿಂದ ಕರಿ ಒಂದಕ್ಕೆ ಇರುವ ಅಂತರದ ಸುಮಾರು ಹತ್ತರಲ್ಲಿ ಏಳು ಪಾಲು. ಒಮ್ಮೆ ಚಿತ್ರವು ಮಾತಿಗಾಗಿ ಬಾಗಿತ್ತು. ಈಗ ಮಾತೇ ಚಿತ್ರದ ಹಿಂದೆ ಓಡತೊಡಗಿತು.

ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ದದ್ದು ನಮ್ಮ ನೆರೆಯ ಕಲಬುರಗಿಯೂ ಸೇರಿದ ಉತ್ತರದ ಜಿಲ್ಲೆಗಳ ಹಳ್ಳಿಗಳನ್ನು. ಕರ್ನಾಟಕಕ್ಕೂ ಆಂಧ್ರಕ್ಕೂ ಆಕಾಶದಿಂದ ಇಳಿಯುತ್ತಿದ್ದ ಚಿತ್ರ ಒಂದೇ, ಅದರೊಡನೆ ಧ್ವನಿವಾಹಿನಿಗಳು ಎರಡು: ಒಂದು ಕನ್ನಡ, ಇನ್ನೊಂದು ತೆಲುಗು. ತೆರೆಯ ಮೇಲಿನ ರೈತ ಒಬ್ಬನೇ. ಅವನ ಮಾತು ಎರಡು ನುಡಿಗಳಲ್ಲಿ ಒಂದೇ ಕಾಲಕ್ಕೆ ಆರಂಭವಾಗಿ ಒಂದೇ ಕಾಲಕ್ಕೆ ಮುಗಿಯಬೇಕು. ಅನುವಾದಕನ ಕಷ್ಟ ಊಹಿಸಬಹುದು. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಉಮರ್ಗಾ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಹೋಗಿ, 1960ರಲ್ಲಿ ಮಹಾರಾಷ್ಟ್ರದಲ್ಲಿ ಉಳಿದವು. ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಕನ್ನಡದ ಧ್ವನಿಯೇನೋ ಇತ್ತು, ದಾಳಿಂಬದ ಪಂಚಾಯಿತಿ ಕಟ್ಟೆಗೆ ಅದನ್ನು ಹಿಡಿಯುವ ಪೆಟ್ಟಿಗೆ ಬರಲಿಲ್ಲ. ನಮ್ಮ ಊರುಗಳ ದನಿಯನ್ನು ಹೊರಗಿನವರು ಬಂದು ದಾಖಲಿಸಿಯಾರೆಂದು ಕಾಯುವುದು ತರವಲ್ಲವೆಂದು ನಮಗೆ ಅನ್ನಿಸಿದ್ದರೆ, ಅದಕ್ಕೆ ಇಂಥ ಕಾರಣಗಳಿವೆ.

ಇನ್ನು ನಮ್ಮ ಬೀಸುವ ಪದಗಳಿಗೆ ಬರೋಣ. ವಿಚಾರಿಸಿದಾಗ ತಿಳಿದದ್ದಿಷ್ಟು. ಚಿತ್ರ ತೆಗೆದ ಯುವಕನ ಕ್ಯಾಮೆರಾ ಸೆಕೆಂಡಿಗೆ 24ರ ಎಣಿಕೆಯದು. ಅದರ ಮೈಕು ದೂರವಿದ್ದುದರಿಂದ, ಮನೆಯವರು ಬೀಸುಕಲ್ಲಿನ ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್ ಇಟ್ಟಿದ್ದರು. ಮುಂದೆ ಡಿವಿಡಿ ಮಾಡಿಕೊಟ್ಟವರು ಟಿವಿಗೆ ಒಗ್ಗಲೆಂದು ಚಿತ್ರವನ್ನು 25ಕ್ಕೆ ಓಡಿಸಿದರು. ನಲವತ್ತು ನಿಮಿಷದ ಚಿತ್ರ 38 ನಿಮಿಷ 24 ಸೆಕೆಂಡಿಗೆ ಇಳಿಯಿತು; ಕ್ಯಾಸೆಟ್ಟಿನ ಧ್ವನಿ ಒಂದು ನಿಮಿಷ 36 ಸೆಕೆಂಡು ಉಳಿದುಬಿಟ್ಟಿತು. ಅವರು ಧ್ವನಿಯನ್ನು ಅಷ್ಟು ಅಮುಕಿ ಕೂಡಿಸಿದರು. ಹೊಂದಾಣಿಕೆ ಪರಿಪೂರ್ಣವಾಯಿತು. ಎಪ್ಪತ್ತರ ಮುದುಕಿಯ ತುಂಬು ದನಿ ಕಿರಿದಾಯಿತು, ಕಲ್ಲು ಬೀಸುವ ನಿಧಾನ ಹೋಯಿತು. ಅವರನ್ನು ದೂರುವುದಿಲ್ಲ, ರೂಢಿಯೇ ಹಾಗಿತ್ತು.

ಸ್ವರವನ್ನು ಮಾತ್ರ ಇಳಿಸಿ, ಓಟವನ್ನು ಹಾಗೆಯೇ ಬಿಡುವ ಉಪಾಯ ಇಂದಿನ ಕಂಪ್ಯೂಟರಿನಲ್ಲಿದೆ. ನಮ್ಮಲ್ಲಿ ಕೆಲವರು ಅದನ್ನೇ ಸೂಚಿಸಿದರು. ಆದರೆ ಅದರಿಂದ ವೇಗದ ಸುಳ್ಳು ಹಾಗೆಯೇ ಉಳಿಯುತ್ತದೆ. ಬೀಸುವ ಪದದಲ್ಲಿ ಉಸಿರು ಎಲ್ಲಿ ನಿಂತಿತು, ಹಿಡಿ ಜೋಳ ಹಾಕಲು ಎಷ್ಟು ಬಿಡುವಾಯಿತು ಎಂಬುದೂ ಪದದ ಭಾಗವೇ. ನಾವು ಹಳೆಯ ದಾರಿ ಹಿಡಿದೆವು: ದನಿಯನ್ನು ಮುಟ್ಟಬಾರದು, ಚಿತ್ರವೇ ಹೊಂದಿಕೊಳ್ಳಲಿ. ಚಿತ್ರದ ಕಡತವನ್ನು ಮತ್ತೆ 24ರ ಎಣಿಕೆಗೆ ಇಳಿಸಿದೆವು. ಒಂದು ಚಿತ್ರವನ್ನೂ ಕಿತ್ತೊಗೆಯಬೇಕಾಗಲಿಲ್ಲ.

ಮೂಲ ಕ್ಯಾಸೆಟ್ಟು ಆ ಮನೆಯ ಮಾಡದಲ್ಲಿಯೇ ಇತ್ತು. ಅದನ್ನು ಇಟ್ಟು ನೋಡಿದರೆ ಮೊದಲಿಗೆ ಸರಿ, ಕೊನೆಗೆ ಮತ್ತೆ ತಪ್ಪು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕೆಂಬುದು ನಿಯಮ. ಯಂತ್ರ ಹಳತಾದರೆ ನಿಯಮ ಕೇಳುವವರಾರು? ಪದಗಳು ಮುಗಿದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಒಂದು ಭಜನೆಯಿತ್ತು, ಹಾರ್ಮೋನಿಯಂ ಸಮೇತ. ಆ ಪೆಟ್ಟಿಗೆ ಇನ್ನೂ ಮನೆಯಲ್ಲಿತ್ತು. ಅದರ ಕರಿ ಒಂದನ್ನು ಒತ್ತಿ ಕ್ಯಾಸೆಟ್ಟಿನ ಸ್ವರದೊಡನೆ ಹೋಲಿಸಿದೆವು. ನಮ್ಮ ಯಂತ್ರ ನೂರಕ್ಕೆ ಒಂದರಷ್ಟು ಬೇಗ ಓಡುತ್ತಿತ್ತು. ಅಷ್ಟನ್ನು ತಗ್ಗಿಸಿದ ಮೇಲೆ ಗೂಟದ ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಪದ ತಾನಾಗಿ ಕೂಡಿತು. ಕ್ಲ್ಯಾಪ್ ಹಲಗೆ ಹೊಡೆಯುವವರು ಅಂದು ಯಾರೂ ಇರಲಿಲ್ಲ. ಬೀಸುಕಲ್ಲೇ ಆ ಕೆಲಸ ಮಾಡಿತ್ತು.

ಮಗಳಿಗೆ ಮತ್ತೆ ಕೇಳಿಸಿದೆವು. ಅವರು ಏನೂ ಹೇಳಲಿಲ್ಲ. ಮೂರನೆಯ ಪದಕ್ಕೆ ತಾವೂ ದನಿಗೂಡಿಸಿದರು. ನಲವತ್ತನೆಯ ನಿಮಿಷಕ್ಕೆ ಕ್ಯಾಮೆರಾದ ಬ್ಯಾಟರಿ ಮುಗಿದಿದೆ, ಕ್ಯಾಸೆಟ್ಟಿನಲ್ಲಿ ಹಾಡು ಇನ್ನೂ ನಡೆದಿದೆ. ಅಲ್ಲಿ ಬೇರೆ ಚಿತ್ರವೇನನ್ನೂ ನಾವು ಸೇರಿಸಲಿಲ್ಲ. ತೆರೆ ಕಪ್ಪಾಗಿದೆ, ಕಲ್ಲಿನ ಗರಗರದೊಡನೆ ಆಕೆ ಹಾಡುತ್ತಿದ್ದಾರೆ.